ಹಾಸ್ಟೆಲ್ ಸೋಲಾರ್ ರಿಪೇರಿಗೂ ಹಣ ಇಡಿ

ಮಾನ್ಯ ಸಂಪಾದಕರೇ,

ಕ್ಯಾಂಪಸ್ಸಿನ ಇಂಗಾಲದ ಹೆಜ್ಜೆಗುರುತು, ಅಂದರೆ ಕ್ಯಾಂಪಸ್ಸಿನಿಂದ ಗಾಳಿಗೆ ಸೇರುವ ಇಂಗಾಲದ ಪ್ರಮಾಣ, ತಗ್ಗಿಸುತ್ತೇವೆ ಎಂದು ವಿಶ್ವವಿದ್ಯಾಲಯಗಳು ಈಗ ಹೇಳುತ್ತಿವೆ. ಬಹಳ ಸಂತೋಷ. ಬಯಲುಸೀಮೆಯ ಒಂದು ವಿಶ್ವವಿದ್ಯಾಲಯದಲ್ಲಿ ವೈರ್‌ಮನ್ ಆಗಿದ್ದು ನಿವೃತ್ತನಾದವನು ನಾನು. ಹೊಸ ಯೋಜನೆ ಬರೆಯುವ ಮುಂಚೆ ದಯವಿಟ್ಟು ಒಮ್ಮೆ ಹಾಸ್ಟೆಲ್ ತಾರಸಿ ಹತ್ತಿ ನೋಡಿ.

ನಮ್ಮಲ್ಲಿ ಸೋಲಾರ್ ವಾಟರ್ ಹೀಟರ್‌ಗಳು ಸಾಲಾಗಿ ಇದ್ದವು. ನೀರು ಮಾತ್ರ ಬಿಸಿಯಾಗುತ್ತಿರಲಿಲ್ಲ. ಬೋರ್‌ವೆಲ್ ನೀರು ಗಡಸು, ಪೈಪಿನೊಳಗೆ ಉಪ್ಪು ಕಟ್ಟಿಬಿಡುತ್ತದೆ. ಗಾಜಿನ ಕೊಳವೆ ಒಡೆದರೆ ಬದಲಿಸುವಷ್ಟರಲ್ಲಿ ಚಳಿಗಾಲವೇ ಮುಗಿಯುತ್ತಿತ್ತು. ಹೀಟರ್ ಕೊಳ್ಳಲು ಅನುದಾನ ಬಂದಿತ್ತು, ನಿರ್ವಹಣೆಗೆ ಬಿಡಿಗಾಸೂ ಇರಲಿಲ್ಲ. ಮಕ್ಕಳು ಏನು ಮಾಡಬೇಕು? ಬಕೆಟ್ಟಿಗೆ ಕಾಯಿಲ್ ಇಳಿಸುತ್ತಿದ್ದರು. ಅದನ್ನು ಕಿತ್ತುಕೊಂಡು ಬರಲು ನಮ್ಮನ್ನು ಕಳಿಸುತ್ತಿದ್ದರು. ಅದು ನನಗೆ ಎಂದೂ ಸರಿ ಕಾಣಲಿಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ. 20 ಲೀಟರ್ ನೀರು ಸ್ನಾನಕ್ಕೆ ಕಾಯಲು ಸುಮಾರು ಅರ್ಧ ಯೂನಿಟ್ ಬೇಕು. 300 ಜನರ ಹಾಸ್ಟೆಲ್‌ನಲ್ಲಿ ಎಲ್ಲರೂ ಒಂದೊಂದು ಬಕೆಟ್ ಕಾಯಿಸಿದರೆ ದಿನಕ್ಕೆ 150 ಯೂನಿಟ್. ನಮ್ಮ ದೇಶದ ಕರೆಂಟಿನಲ್ಲಿ ಕಲ್ಲಿದ್ದಲಿನ ಪಾಲು ಜಾಸ್ತಿ, ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಒಂದೇ ಹಾಸ್ಟೆಲ್‌ನಿಂದ ದಿನಕ್ಕೆ 100 ಕೆ.ಜಿ.ಗೂ ಹೆಚ್ಚು, ಅದೂ ಇಷ್ಟು ಬಿಸಿಲಿರುವ ಊರಿನಲ್ಲಿ! ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಹಾಕಿ, ವರ್ಷಕ್ಕೊಮ್ಮೆ ಸೋಲಾರ್ ಪೈಪು ತೊಳೆಸಿದರೆ ಈ ಕರೆಂಟಿನಲ್ಲಿ ಹೆಚ್ಚಿನ ಪಾಲು ಉಳಿತಾಯವಾಗುತ್ತದೆ.

ಇನ್ನು ಮೀಟರ್ ವಿಷಯ. ಇಡೀ ಕ್ಯಾಂಪಸ್ಸಿಗೆ ಒಂದೇ ಎಚ್‌.ಟಿ. (ಹೈಟೆನ್ಷನ್) ಮೀಟರ್, ಒಂದೇ ಬಿಲ್. ಲೈಬ್ರರಿಗೆ ಎಷ್ಟು ಹೋಯಿತು, ಆಡಳಿತ ಭವನದ ಎ.ಸಿ.ಗಳಿಗೆ ಎಷ್ಟು ಹೋಯಿತು ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರವಿರಲಿಲ್ಲ. ಕಟ್ಟಡಕ್ಕೊಂದು ಸಬ್‌ಮೀಟರ್ ಹಾಕಿ, ತಿಂಗಳ ರೀಡಿಂಗ್ ನೋಟಿಸ್ ಬೋರ್ಡಿಗೆ ಅಂಟಿಸಿ. ಹಳೇ 75 ವಾಟ್ ಫ್ಯಾನ್ ತೆಗೆದು ಕಡಿಮೆ ಕರೆಂಟ್ ಎಳೆಯುವ 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಮೊದಲು ಎಲ್ಲಿ ಹಾಕಬೇಕು ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಕ್ಯಾಂಪಸ್ಸಿನಲ್ಲಿ ತರಗೆಲೆ ಸುಡುವುದನ್ನಂತೂ ಇವತ್ತೇ ನಿಲ್ಲಿಸಬಹುದು, ಅಲ್ವಾ? ಬಯಲಲ್ಲಿ ಕಸ ಸುಡಬಾರದೆಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಕೊಟ್ಟಿದೆ.

ಜೂನ್ 5ರ ಪರಿಸರ ದಿನಕ್ಕೆ ಸಸಿ ಖಂಡಿತ ನೆಡಲಿ. ಜೊತೆಗೆ ಕುಲಪತಿಗಳು, ಸಿಂಡಿಕೇಟ್ ಸದಸ್ಯರು ಮುಂದಿನ ಬಜೆಟ್‌ನಲ್ಲಿ ಸೋಲಾರ್ ನಿರ್ವಹಣೆಗೆಂದೇ ಪ್ರತ್ಯೇಕ ಹಣ ಇಡಲಿ. ಪ್ಲಂಬರ್, ವೈರ್‌ಮನ್ ಹುದ್ದೆ ಎಲ್ಲೆಲ್ಲಿ ಖಾಲಿ ಬಿದ್ದಿವೆಯೋ ಅಲ್ಲಿ ಬೇಗ ಜನರನ್ನು ತೆಗೆದುಕೊಳ್ಳಲಿ.

– ಒಬ್ಬ ನಿವೃತ್ತ ವೈರ್‌ಮನ್