ಶಾಲೆ ಆವರಣದ ಜೀವಿಗಳ ದಾಖಲೆ, ಈ ಶನಿವಾರ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, ಚಿತ್ರದುರ್ಗದ ನಮ್ಮ ಆವರಣದ ಹಕ್ಕಿ, ಚಿಟ್ಟೆ, ಹುಳಗಳನ್ನು ಜೀವಿಗಳ ಫೋಟೊ ಹಾಕಿ ಗುರುತಿಸುವ ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ದಾಖಲಿಸೋಣ. 13 ವರ್ಷದೊಳಗಿನ ಮಕ್ಕಳಿಗೆ ಸ್ವಂತ ಖಾತೆ ಬೇಡ. ಶಿಕ್ಷಕರ ಫೋನಿನಿಂದಲೇ ಹಾಕಿ.

ಕಾಂಪೌಂಡ್ ಪಕ್ಕದ ಎಕ್ಕದ ಗಿಡವನ್ನು ದಯವಿಟ್ಟು ಯಾರೂ ಕೀಳಿಸಬೇಡಿ. ಎಲೆ ಮಗುಚಿ ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ ಕಂಡರೆ ಬಹುತೇಕ ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳ. ಹತ್ತಿರದಿಂದ ಎರಡು ಮೂರು ಫೋಟೊ ತೆಗೆಯಿರಿ, ಒಂದೇ ಮಸುಕು ಫೋಟೊದಲ್ಲಿ ಗುರುತು ಹಿಡಿಯೋದು ಕಷ್ಟ ಅಲ್ವಾ? ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಮಕ್ಕಳಿಗೆ ಹೇಳಿ.

ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಆ್ಯಪ್‌ನಲ್ಲಿರುವ ಬಲ್ಲವರು ಗುರುತಿಸುತ್ತಾರೆ. ಮಕ್ಕಳ ಮುಖ ಮಾತ್ರ ಫೋಟೊದಲ್ಲಿ ಬೇಡ.

ಫೆಬ್ರುವರಿಯಲ್ಲಿ ಜಗತ್ತಿನಾದ್ಯಂತ ನಡೆಯುವ ಹಕ್ಕಿ ಎಣಿಕೆಯಾದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೂ ಸೇರೋಣ. ಕನಿಷ್ಠ 15 ನಿಮಿಷ ಹಕ್ಕಿ ಎಣಿಸಿ, ಹಕ್ಕಿಗಳನ್ನು ದಾಖಲಿಸುವ ಆ್ಯಪ್ ಇಬರ್ಡ್‌ಗೆ ಹಾಕಿದರೆ ಸಾಕು. ಬರುವವರು ಇಲ್ಲೇ ತಿಳಿಸಿ.