ಅಪ್ಪನಿಗೂ ಒಂದು ತಟ್ಟೆ ಇಟ್ಟ ಮನೆಗೆ

2024ರ ಬೇಸಿಗೆಯಲ್ಲಿ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ನನ್ನ ಸ್ನಾತಕೋತ್ತರ ಓದು ಮುಗಿದು, ನಾನು ಕಲಬುರಗಿಗೆ ಮರಳಿದೆ. ಪದವಿ ಪತ್ರ ಕೈಗೆ ಬಂದ ದಿನವೇ ಬರೆಯಬೇಕಿದ್ದ ಈ ಮಾತುಗಳನ್ನು ಡಿಸೆಂಬರ್ ಬರುವವರೆಗೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಆ ಓದು ಪೂರ್ತಿಯಾಗಲು ಕಾರಣರಾದವರನ್ನು ನೆನೆಯುವುದೆಂದರೆ ನನಗೆ 2022ರ ಡಿಸೆಂಬರಿನ ಎರಡು ದಿನಗಳನ್ನು ನೆನೆಯುವುದೇ ಆಗಿದೆ.

ನಾನು ಅಲ್ಲಿಗೆ ಹೋಗಿ ಎರಡು ತಿಂಗಳು ತುಂಬುವ ಮೊದಲೇ, ಆ ವರ್ಷದ ನವೆಂಬರಿನಲ್ಲಿ, ಅಪ್ಪ ತೀರಿಕೊಂಡರು. ಮರುದಿನ ಮಧ್ಯಾಹ್ನದೊಳಗೆ ಮಣ್ಣು ಎಂದು ಹಿರಿಯರು ನಿಶ್ಚಯಿಸಿದ್ದರು. ಯಾವ ವಿಮಾನ ಹಿಡಿದಿದ್ದರೂ ಆಳಂದ ತಾಲ್ಲೂಕಿನ ನಮ್ಮ ಊರನ್ನು ಅಷ್ಟರೊಳಗೆ ಮುಟ್ಟುವುದು ಸಾಧ್ಯವಿರಲಿಲ್ಲ. ಅಪ್ಪನ ಮುಖವನ್ನು ಕೊನೆಯ ಸಲ ನಾನು ಮೊಬೈಲಿನಲ್ಲಿ ನೋಡಿದೆ. ಎಲ್ಲ ಬಿಟ್ಟು ಬರುತ್ತೇನೆಂದಾಗ ಅಮ್ಮ, "ಬರಬ್ಯಾಡವ್ವಾ, ನಿಮ್ಮಪ್ಪ ಸಾಲ ಮಾಡಿದ್ದು ನಿನ್ನ ಓದಿಗೇ" ಎಂದರು. ಆಮೇಲಿನ ದಿನಗಳಲ್ಲಿ ತರಗತಿಗೆ ಹೋಗಿ ಬಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆನೇ ಹೊರತು ಓದಿದ್ದು ತಲೆಗೆ ಹೋಗುತ್ತಿರಲಿಲ್ಲ.

ಆ ವರ್ಷ ಎಳ್ಳಮಾವಾಸ್ಯೆ ಡಿಸೆಂಬರ್ 23ಕ್ಕೆ ಬಂದಿತ್ತು. ದುಃಖದ ಮನೆಯಲ್ಲಿ ಹಬ್ಬವಿರಲಿಲ್ಲ. ಆದರೆ ಪಕ್ಕದ ಹೊಲದ ಕಾಕಾ ಮತ್ತು ಕಾಕಿ ತಮ್ಮ ಹೊಲಕ್ಕೆ ಚರಗ, ಅಂದರೆ ಭೂಮಿತಾಯಿಗೆ ಎಡೆಯಾಗಿ ಹಬ್ಬದ ಅಡುಗೆ, ಚೆಲ್ಲಿದವರು ಒಡ್ಡು ದಾಟಿ ನಮ್ಮ ಜೋಳದ ಹೊಲಕ್ಕೂ ಚೆಲ್ಲಿ, ಸಂಜೆ ಅಮ್ಮನಿಗೆ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಬಂದು, ಆಕೆ ಉಣ್ಣುವ ತನಕ ಎದುರಿಗೇ ಕುಳಿತಿದ್ದರಂತೆ. ನನ್ನ ಮೊದಲ ನಮಸ್ಕಾರ ಅವರಿಗೆ. ನಾನು ಮಾಡಬೇಕಿದ್ದ ಕೆಲಸವನ್ನು ಅವರು ಮಾಡಿದರು.

ಮರುದಿನ ಕ್ರಿಸ್ಮಸ್‌ನ ಹಿಂದಿನ ದಿನ. ಪೋಲೆಂಡಿನವರಿಗೆ 25ಕ್ಕಿಂತ 24ರ ರಾತ್ರಿಯ ಊಟವೇ ದೊಡ್ಡದು; ಅದನ್ನು ಅವರು ವಿಗಿಲಿಯಾ ಎನ್ನುತ್ತಾರೆ. ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಒಂದು ವಾರ ಮೊದಲೇ ಮೇಲೆ ಬಂದು, ಬರಬೇಕೆಂದು ಹೇಳಿದ್ದಲ್ಲದೆ, ಹನ್ನೆರಡು ಬಗೆಯ ಅಡುಗೆಯಾಗಬೇಕು, ಹನ್ನೆರಡನೆಯದು ನಿನ್ನದು ಎಂದು ಕೆಲಸವನ್ನೂ ಒಪ್ಪಿಸಿದ್ದರು. ಯೇಸುವಿನ ಹನ್ನೆರಡು ಶಿಷ್ಯರ ನೆನಪಿಗೆ ಆ ಲೆಕ್ಕ. ಅಂದು ಮಾಂಸ ಮಾಡುವುದಿಲ್ಲ, ಮೀನು ಮಾತ್ರ ಇರುತ್ತದೆ. ನಾನು ಮೀನನ್ನೂ ತಿನ್ನುವುದಿಲ್ಲವೆಂದು ತಿಳಿದ ಆ ಹಿರಿಯಾಕೆ ಅದನ್ನು ಬೇರೆ ಒಲೆಯ ಮೇಲೆ, ಬೇರೆ ಪಾತ್ರೆಯಲ್ಲಿ ಮಾಡಿದ್ದನ್ನು ನಾನು ಅಡುಗೆಮನೆಯಲ್ಲಿ ಕಣ್ಣಾರೆ ಕಂಡೆ. ಅಪ್ಪ ಚೀಲಕ್ಕೆ ತುಂಬಿಕೊಟ್ಟಿದ್ದ ನಮ್ಮ ಹೊಲದ ತೊಗರಿಬೇಳೆ ಇನ್ನೂ ಉಳಿದಿತ್ತು. ಅದರ ಬೇಳೆಸಾರು ಮಾಡಿ ಇಳಿಸಿದೆ.

ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವವರೆಗೆ ಯಾರೂ ಊಟಕ್ಕೆ ಕೂರುವುದಿಲ್ಲ. ಚಳಿಗಾಲದಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ. ಬಿಳಿಯ ಮೇಜುಬಟ್ಟೆಯ ಕೆಳಗೆ ಒಂದು ಹಿಡಿ ಒಣಹುಲ್ಲನ್ನು ಹರಡಿದ್ದರು. ಮಗು ಯೇಸುವನ್ನು ಮಲಗಿಸಿದ್ದು ದನದ ಗೋದಲಿಯಲ್ಲಿ ಎಂಬುದರ ಗುರುತು ಅದು. ಆ ಹುಲ್ಲಿನ ವಾಸನೆಗೆ ನನಗೆ ಕಣ್ಣೀರು ಬಂತು. ನಮ್ಮ ಕೊಟ್ಟಿಗೆಯ ವಾಸನೆಯೂ ಅದೇ.

ಉಣ್ಣುವ ಮೊದಲು ಒಪ್ವಾಟೆಕ್ ಎಂಬ, ಗೋಧಿಹಿಟ್ಟು ಮತ್ತು ನೀರಿನಿಂದಷ್ಟೇ ಮಾಡಿದ, ಕಾಗದದಷ್ಟು ತೆಳ್ಳಗಿನ ಬಿಳಿಯ ಬಿಲ್ಲೆಯನ್ನು ಎಲ್ಲರ ಕೈಗೂ ಕೊಡುತ್ತಾರೆ. ಒಬ್ಬರ ಕೈಯ ಬಿಲ್ಲೆಯಿಂದ ಇನ್ನೊಬ್ಬರು ಚೂರು ಮುರಿದುಕೊಂಡು, ವರ್ಷವಿಡೀ ಒಳ್ಳೆಯದಾಗಲೆಂದು ಹಾರೈಸಿ, ಮನಸ್ತಾಪವಿದ್ದರೆ ಅಲ್ಲೇ ಬಿಟ್ಟು ಅಪ್ಪಿಕೊಳ್ಳುತ್ತಾರೆ. ದಸರೆಯಲ್ಲಿ ನಾವು ಮಾತು ಬಿಟ್ಟವರ ಮನೆಗೂ ಹೋಗಿ, ಬನ್ನಿ ಕೊಟ್ಟು, ಬಂಗಾರದಂತೆ ಇರೋಣ ಎನ್ನುತ್ತೇವಲ್ಲ, ಹಾಗೆಯೇ. ಅಜ್ಜಿ ನನ್ನ ಚೂರನ್ನು ಮುರಿದುಕೊಂಡಾಗ ನಾನು ರೂಢಿಯಂತೆ ಬಗ್ಗಿ ಅವರ ಪಾದ ಮುಟ್ಟಿದೆ. ಅವರಿಗೆ ಅದು ಹೊಸದು; ಆದರೂ ತಲೆಯ ಮೇಲೆ ಕೈಯಿಟ್ಟರು.

ಮೇಜಿನ ಕೊನೆಯಲ್ಲಿ ಯಾರೂ ಕೂರದ ಒಂದು ಕುರ್ಚಿ, ಅದರ ಮುಂದೆ ತೊಳೆದ ತಟ್ಟೆ, ಚಮಚ, ಲೋಟ ಇದ್ದವು. ಹೇಳದೆ ಕೇಳದೆ ಬರುವ ಅತಿಥಿಗಾಗಿ ಒಂದು ತಟ್ಟೆ ಇಡುವುದು ಅಲ್ಲಿನ ಪದ್ಧತಿಯೆಂದು ಕೇಳಿದ್ದೆನಾದ್ದರಿಂದ ಅದು ನನ್ನದೇ ಎಂದುಕೊಂಡು ಅತ್ತ ನಡೆದೆ. ಅಜ್ಜಿಯ ಮಗಳು ನನ್ನ ಕೈ ಹಿಡಿದು ತಂದು, ತನ್ನ ಪಕ್ಕದಲ್ಲಿ, ನನ್ನ ಹೆಸರು ಬರೆದ ಚೀಟಿಯಿದ್ದ ತಟ್ಟೆಯ ಮುಂದೆ ಕೂರಿಸಿದರು. ನೀನು ಮನೆಯವಳು, ಅದು ಬರಬೇಕಾದವರದು ಎಂದರು. ಆಗ ಅಜ್ಜಿ ಏನನ್ನೋ ನಿಧಾನವಾಗಿ ಹೇಳಿದರು. ಮಗಳು ಇಂಗ್ಲಿಷಿನಲ್ಲಿ ತಿಳಿಸಿದರು. ಆ ವರ್ಷ ಮನೆಯಿಂದ ಅಗಲಿದವರನ್ನೂ ಆ ಜಾಗದಲ್ಲಿ ನೆನೆಯುವುದುಂಟಂತೆ. "ಈ ಸಲ ಅಲ್ಲಿ ನಿನ್ನ ತಂದೆ ಕುಳಿತಿದ್ದಾರೆ." ಅಜ್ಜಿ ಒಪ್ವಾಟೆಕ್‌ನ ಒಂದು ಚೂರನ್ನು ಆ ಬರಿದಾದ ತಟ್ಟೆಯಲ್ಲಿಟ್ಟರು. ಅಪ್ಪನಿಗೆ ಎಡೆ ಇಡಲು ನನಗೆ ಸಿಕ್ಕ ಮೊದಲ ಅವಕಾಶ ಅದು. ಎದ್ದು ಹೋಗಿ ಅದರ ಪಕ್ಕದಲ್ಲಿ ಒಂದು ಬಟ್ಟಲು ಬೇಳೆಸಾರು ಇಟ್ಟೆ. ಯಾರೂ ಯಾಕೆಂದು ಕೇಳಲಿಲ್ಲ.

ಆ ಪಂಕ್ತಿಯಲ್ಲಿ ಯುದ್ಧದಿಂದಾಗಿ ಉಕ್ರೇನ್ ಬಿಟ್ಟು ಬಂದ ಒಬ್ಬ ತಾಯಿ ಮತ್ತು ಅವರ ಚಿಕ್ಕ ಮಗ ಇದ್ದರು. ಅವರು ಮಾಡಿ ತಂದಿದ್ದ ಕುಟ್ಯಾ ಬೇಯಿಸಿದ ಇಡೀ ಗೋಧಿಗೆ ಗಸಗಸೆ ಮತ್ತು ಜೇನು ಸೇರಿಸಿದ ಸಿಹಿ. ಬೆಲ್ಲವೊಂದಿದ್ದರೆ ಅದು ನಮ್ಮ ಗೋಧಿ ಹುಗ್ಗಿಯೇ. ಆಕೆಯ ಗಂಡ ಊರಲ್ಲೇ ಉಳಿದಿದ್ದರು. ನಮ್ಮಿಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ; ಆಕೆ ನನ್ನ ತಟ್ಟೆಗೆ ಎರಡು ಸಲ ಬಡಿಸಿದರು. ಆ ತಾಯಿಗೆ, ಮಧ್ಯರಾತ್ರಿಯ ಪೂಜೆಗೆ ನನ್ನನ್ನೂ ಕರೆದೊಯ್ದು ಬೆಚ್ಚಗಿನ ಕೋಟು ಹೊದಿಸಿದ ಆ ಮನೆಯ ಮಕ್ಕಳಿಗೆ, ಜನವರಿಯಲ್ಲಿ ತಪ್ಪಿಹೋದ ಪಾಠಗಳನ್ನೆಲ್ಲ ಕೂತು ಹೇಳಿಕೊಟ್ಟ ಸಹಪಾಠಿಗಳಿಗೆ ನಾನು ಋಣಿ. 2025ರಿಂದ ಡಿಸೆಂಬರ್ 24 ಪೋಲೆಂಡಿನಲ್ಲಿ ಸಾರ್ವಜನಿಕ ರಜಾದಿನ ಎಂದು ಓದಿ ಸಂತೋಷವಾಯಿತು. ಅಂಗಡಿಯಲ್ಲಿ ಕೆಲಸ ಮಾಡುವ ಅಜ್ಜಿಯ ಮಗಳು ಅಂದು ಮಧ್ಯಾಹ್ನದವರೆಗೆ ದುಡಿದು ಓಡೋಡಿ ಬಂದು ಮೇಜು ಸಿದ್ಧಪಡಿಸಿದ್ದು ನನಗೆ ನೆನಪಿದೆ.

ಮೊನ್ನೆ ಅಜ್ಜಿಯ ಲಕೋಟೆ ಬಂತು. ದೂರದಲ್ಲಿರುವ ತಮ್ಮವರಿಗೆ ಪತ್ರದೊಳಗೆ ಒಪ್ವಾಟೆಕ್ ಇಟ್ಟು ಕಳುಹಿಸುವುದು ಅವರಲ್ಲಿ ರೂಢಿ. ದಾರಿಯಲ್ಲಿ ಅದು ನಾಲ್ಕು ತುಂಡಾಗಿತ್ತು. 24ರ ಸಂಜೆ ಅಂಗಳದಲ್ಲಿ ಚುಕ್ಕಿ ಕಂಡ ಮೇಲೆ ನಾನೂ ಅಮ್ಮನೂ ಮುರಿದುಕೊಂಡೆವು. ಒಂದು ತುಂಡನ್ನು ಅಪ್ಪನ ಫೋಟೋದ ಮುಂದಿಟ್ಟೆವು.

2024ರ ಡಿಸೆಂಬರ್ 30ರ ಸೋಮವಾರ ಎಳ್ಳಮಾವಾಸ್ಯೆ. ಈ ವರ್ಷ ಚರಗ ನಾವೇ ಚೆಲ್ಲುತ್ತೇವೆ. ಆ ನವೆಂಬರಿನಲ್ಲಿ ಅಮ್ಮನ ಜೊತೆಗಿದ್ದ ಓಣಿಯ ಹಿರಿಯರು, ಅಪ್ಪನ ಗೆಳೆಯರು, ಕಾಕಾ ಮತ್ತು ಕಾಕಿ, ಎಲ್ಲರೂ ಮಧ್ಯಾಹ್ನದ ಊಟಕ್ಕೆ ನಮ್ಮ ಹೊಲಕ್ಕೇ ಬರಬೇಕೆಂದು ಅಮ್ಮನ ಪರವಾಗಿಯೂ ಕೈಮುಗಿದು ಕೇಳಿಕೊಳ್ಳುತ್ತೇನೆ. ಒಂದೆರಡು ತಟ್ಟೆ ಹೆಚ್ಚಿಗೆ ತರುತ್ತೇವೆ.