ಬಾಗಿಲು ಮುಚ್ಚದ ಕಾರಿನ ಬಗ್ಗೆ

ಮೈಸೂರು

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂತು. ಮಿಕ್ಕ ವಿಷಯಕ್ಕೆಲ್ಲ ನಿಮ್ಮತ್ತೆ ಬೇರೆ ಬರೆಯುತ್ತಾಳೆ. ನನ್ನ ಮನಸ್ಸು ಕೊನೆಯ ಆ ಸಾಲಿನಲ್ಲೇ ನಿಂತುಬಿಟ್ಟಿದೆ. "ಎರಡೂ ಕಡೆ ಸಿಲ್ ಕತ್ತರಿಸಿದ ಮೇಲೆ ಬಾಗಿಲು ಮುಚ್ತಾನೇ ಇಲ್ಲ ಮಾವ. ಕಾರನ್ನು ಕೊಂದುಬಿಟ್ಟೆ ಅನ್ಸುತ್ತೆ" ಅಂತ ಬರೆದಿದ್ದೀಯಲ್ಲ, ಅದು. ರಾತ್ರಿ ಮಲಗಿದರೂ ಅದೇ ಯೋಚನೆ.

ಕೊಂದಿಲ್ಲ ಪುಟ್ಟಿ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಿನ್ನ 1969ರ ಎಂಜಿಬಿ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಅಡಿಯಲ್ಲಿ ಬೇರೆ ಚಾಸಿ ಚೌಕಟ್ಟು ಅಂತ ಇಲ್ಲ. ಬಾಡಿಯೇ ಎಲ್ಲ ಭಾರ ಹೊರಬೇಕು. ನಿನ್ನದು ರೋಡ್‌ಸ್ಟರ್ ಬೇರೆ, ಮೇಲೆ ಛಾವಣಿಯ ಆಸರೆಯೂ ಇಲ್ಲ. ಹಾಗಾಗಿ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಸಿಲ್ ಮೇಲೆ ತುಂಬಾ ಭಾರ ಬೀಳುತ್ತದೆ. ಹೊರಗೆ ಕಾಣುವ ತಗಡು, ನಡುವೆ ಒಂದು ತಗಡು, ಒಳಗಿನ ಸಿಲ್, ಅಡಿಯಲ್ಲಿ ಕ್ಯಾಸಲ್ ರೈಲ್ ಅನ್ನುವ ತಗಡಿನ ಪಟ್ಟಿ, ಇಷ್ಟೂ ಸೇರಿದರೇ ಅದಕ್ಕೆ ಗಟ್ಟಿತನ. ಒಳಗೆ ಕೆಸರು, ನೀರು ನಿಂತು ಅಲ್ಲಿಂದಲೇ ತುಕ್ಕು ಹತ್ತುತ್ತದೆ. ಹೊರಗೆ ತೂತು ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ಕತ್ತರಿಸಿದ್ದು ತಪ್ಪಲ್ಲ, ಕತ್ತರಿಸಲೇಬೇಕಿತ್ತು. ಊರಿನ ಮನೆಯಲ್ಲಿ ಹುಳ ಹಿಡಿದ ಕಂಬ ತೆಗೆಯುವಾಗ ಮೊದಲು ತೊಲೆಗೆ ಆನಿಕೆ ಕೊಟ್ಟಿದ್ದರಲ್ಲ, ಆ ಆನಿಕೆ ಇಲ್ಲಿ ಬಿಟ್ಟುಹೋಗಿದೆ, ಅಷ್ಟೇ. ನಡುವೆ ಕಾರು ಕುಗ್ಗಿದೆ. ಬಾಗಿಲು ಕೂರುವ ಜಾಗ ಮೇಲ್ಗಡೆ ಕಿರಿದಾಗಿದೆ. ಕುಗ್ಗಿದ್ದನ್ನು ಎತ್ತಬಹುದು.

ಒಂದು ಮಾತು ನೀನು ಬರೆದೇ ಇಲ್ಲ. ಹೊಸ ಸಿಲ್ ವೆಲ್ಡ್ ಮಾಡಿಬಿಟ್ಟಿದ್ದೀಯಾ, ಇಲ್ಲ ಬರೀ ಕತ್ತರಿಸಿದ್ದೀಯಾ? ಬರೀ ಕತ್ತರಿಸಿದ್ದರೆ ಕೆಲಸ ಸುಲಭ. ವೆಲ್ಡ್ ಆಗಿದ್ದರೆ ಅದನ್ನು ಮತ್ತೆ ಬಿಚ್ಚಬೇಕು. ದುಡ್ಡು ಹೋಗುತ್ತದೆ, ಬೇಜಾರಾಗುತ್ತದೆ, ನಿಜ. ಆದರೂ ಕಾರು ಸತ್ತಿಲ್ಲ.

ನನಗೆ ಯಾಕಿಷ್ಟು ಸಂಕಟ ಅಂತ ನಿನಗೆ ಗೊತ್ತಿರಲಿಕ್ಕಿಲ್ಲ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದಾಗ ನನ್ನ ಹತ್ತಿರ ಒಂದು ಟ್ರಯಂಫ್ ಸ್ಪಿಟ್‌ಫೈರ್ ಇತ್ತು, 1500 ಎಂಜಿನ್ನಿನದು. ಅಲ್ಲೇ ಕ್ಯಾನ್ಲಿಯಲ್ಲಿ ತಯಾರಾದ ಕಾರು. ಬಾನೆಟ್ಟು ಇಡೀ ಮುಂಭಾಗವನ್ನೇ ಹೊತ್ತು ಮುಂದಕ್ಕೆ ಏಳುತ್ತಿತ್ತು, ಎಂಜಿನ್ ಸುತ್ತ ಆರಾಮಾಗಿ ನಿಂತು ಕೆಲಸ ಮಾಡಬಹುದಿತ್ತು. ಒಂದು ದಿನ ಕ್ಲಚ್ ಒತ್ತಿದಾಗ ಮುಂದಿನ ಪುಲ್ಲಿ ಹಿಂದೆ ಮುಂದೆ ಸರಿಯುವುದು ಕಂಡಿತು. ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡವನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ವಾಷರ್ ಸವೆದರೆ ಹಾಗಾಗುತ್ತದೆ. ತೀರಾ ಸವೆದರೆ ಅವು ಕೆಳಗೆ ಎಣ್ಣೆ ನಿಲ್ಲುವ ಸಂಪಿಗೇ ಬಿದ್ದುಬಿಡುತ್ತವೆ, ಆ ಎಂಜಿನ್ನಿನ ಹಳೇ ಕಾಯಿಲೆ ಅದು. "ಎಂಜಿನ್ ಬ್ಲಾಕೇ ಹೋಗಿರುತ್ತೆ ಬಿಡು" ಅಂತ ಯಾರೋ ಅಂದರು. ನಾನು ಹೊದಿಕೆ ಹಾಕಿ ಮುಚ್ಚಿದೆ. ಚಳಿಗಾಲಗಳು ಕಳೆದವು, ಹೊರಡುವ ಹೊತ್ತಿಗೆ ಗುಜರಿ ಬೆಲೆಗೆ ಕೊಟ್ಟೆ.

ಸಂಪ್ ಬಿಚ್ಚಿ ನೋಡಲೇ ಇಲ್ಲ ಪುಟ್ಟಿ. ಎಂಜಿನ್ ಇಳಿಸದೆ, ಕೆಳಗಿಂದಲೇ ಬಿಚ್ಚಬಹುದಾಗಿತ್ತು. ಹೊಸ ವಾಷರ್ ಹಾಕಿದ್ದರೆ ಸಾಕಾಗುತ್ತಿತ್ತೋ, ನಿಜವಾಗಿ ಬ್ಲಾಕೇ ಹೋಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೆಟ್ಟ ಸುದ್ದಿ ಕೇಳಬೇಕಾಗುತ್ತೆ ಅನ್ನುವ ಹೆದರಿಕೆಗೆ ನೋಡದೇ ಇದ್ದುಬಿಟ್ಟೆ. ನಿನ್ನ ಸಾಲು ಓದಿದಾಗ ನೀನೂ ಗ್ಯಾರೇಜಿನ ಬಾಗಿಲು ಎಳೆದುಕೊಂಡುಬಿಡುತ್ತೀಯೇನೋ ಅಂತ ಭಯವಾಯಿತು.

ನನಗೆ ವೆಲ್ಡಿಂಗ್ ಬರುವುದಿಲ್ಲ. ಪಕ್ಕದ ಮನೆಯವರು ಮಾಡುವಾಗ ನಿಂತು ನೋಡಿದ್ದಷ್ಟೇ, ಅದನ್ನೇ ಹೇಳುತ್ತೇನೆ. ಹೆಚ್ಚು ಕಮ್ಮಿ ಇದ್ದರೆ ಅಲ್ಲಿ ತಿಳಿದವರನ್ನು ಕೇಳು. ಬಾಗಿಲ ಹಿಂದಿನ ಕಂಬಕ್ಕೂ ಹಿಂಜ್ ಇರುವ ಕಂಬಕ್ಕೂ ನಡುವೆ ಅಳತೆ ತೆಗೆ, ಮೇಲೆ ಒಂದು, ಕೆಳಗೆ ಒಂದು, ಎರಡೂ ಕಡೆ. ಕಾರಿನ ಭಾರ ಸರಿಯಾದ ಜಾಗದಲ್ಲಿ ಕೂತಿರಲಿ, ಆಮೇಲೆ ನಡುವೆ ಜ್ಯಾಕ್ ಕೊಟ್ಟು ಸ್ವಲ್ಪ ಸ್ವಲ್ಪವೇ ಎತ್ತು. ಬಾಗಿಲನ್ನು ಹಿಂಜಿಗೆ ಹಾಕಿಯೇ ನೋಡು, ಸುತ್ತ ಸಂದು ಒಂದೇ ಸಮ ಬರುವ ತನಕ. ಬಂದ ಮೇಲೆ ಆ ಎರಡು ಕಂಬಗಳ ನಡುವೆ ಚೌಕ ಪೈಪು ವೆಲ್ಡ್ ಮಾಡಿ ಬಿಗಿ ಮಾಡು. ಆಮೇಲೇ ಸಿಲ್, ಅದೂ ಒಂದು ಕಡೆ ಮುಗಿಸಿ ಇನ್ನೊಂದು ಕಡೆ. ಮೊದಲು ಬರೀ ಟ್ಯಾಕ್, ಅಂದರೆ ಅಲ್ಲಲ್ಲಿ ಒಂದೊಂದು ಚುಕ್ಕೆ ವೆಲ್ಡ್. ಪ್ರತಿ ಸಲ ಬಾಗಿಲು ಮುಚ್ಚಿ ನೋಡು.

ಬೆಂಕಿಯ ಬಗ್ಗೆ ಹೇಳದೆ ಇರಲಾರೆ, ಬೈದುಕೋಬೇಡ. ಪೆಟ್ರೋಲ್ ಪಂಪು ಹಿಂದಿನ ಬಲಗಡೆ ಚಕ್ರದ ಹತ್ತಿರ ಇರುತ್ತದೆ, ಪೈಪು ಮುಂದಕ್ಕೆ ಹೋಗುತ್ತದೆ. ಟ್ಯಾಂಕು, ಸೀಟು, ಕಾರ್ಪೆಟ್ಟು ಎಲ್ಲ ಹೊರಗಿರಲಿ. ಸೀಟಿನ ಹಿಂದಿನ ಬ್ಯಾಟರಿಗಳನ್ನೂ ಬಿಚ್ಚು. ಒಬ್ಬಳೇ ವೆಲ್ಡ್ ಮಾಡಬೇಡ, ಯಾರಾದರೂ ಜೊತೆಗಿರಲಿ.

ತೀರಾ ಕೆಟ್ಟದ್ದೇ ಆಯಿತು ಅಂತಿಟ್ಟುಕೋ. ಎಂಜಿಬಿ ತಯಾರಾಗುತ್ತಿದ್ದ ಅಬಿಂಗ್ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ಆದರೆ 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು ಹಳೇ ಅಚ್ಚುಗಳಿಂದಲೇ ಹೊಸ ಎಂಜಿಬಿ ಬಾಡಿ ಮಾಡತೊಡಗಿದರು. ಅದು ಬಹಳ ದುಡ್ಡಿನ ಮಾತು, ನೀನು ಕೊಳ್ಳಬೇಕು ಅಂತ ಹೇಳುತ್ತಿಲ್ಲ. ಇಡೀ ಬಾಡಿ ಹೋದ ಕಾರಿಗೂ ದಾರಿ ಇದೆ, ನಿನ್ನದು ಬರೀ ಕುಗ್ಗಿದೆ, ಅಷ್ಟು ತಿಳಿದಿರಲಿ.

ಅಕ್ಕನಿಗೆ ನಾನು ಏನೂ ಹೇಳಿಲ್ಲ. ಈ ವಾರ ಗ್ರೈಂಡರ್ ಮುಟ್ಟಬೇಡ. ನಾಲ್ಕು ಅಳತೆ ತೆಗೆದು ಫೋಟೋ ಜೊತೆ ಕಳಿಸು. ವೆಲ್ಡ್ ಆಗಿದೆಯೋ ಇಲ್ಲವೋ ಅದನ್ನೂ ಬರೆ, ಕಾಯುತ್ತಿರುತ್ತೇನೆ.

ನಿನ್ನ
ಮಾವ